ತೆರೆಮರೆಯ ಪ್ರೋಗ್ರಾಂಗಳಿಗೆ ನೆಟ್: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ನನ್ನ ಅಕ್ಕನ ಮನೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ, ಅಡಿಕೆ ತೋಟದ ನಡುವೆ. ಫೈಬರ್ ಲೈನ್ ಅಲ್ಲಿಗೆ ಮುಟ್ಟಿಲ್ಲ. ಅಕ್ಕನ ಮಗಳ ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ ಸಿಗುವುದು 1.5 ಜಿಬಿ. ಕಳೆದ ತಿಂಗಳು ಒಂದು ಬೆಳಿಗ್ಗೆ ಆನ್‌ಲೈನ್ ಕ್ಲಾಸಿಗೆ ಕೂತವಳಿಗೆ, ಪಾಠ ಶುರುವಾಗುವ ಮುಂಚೆಯೇ ದಿನದ ಡೇಟಾ ಮುಗಿದ ಮೆಸೇಜ್ ಬಂತು. ‘ಮಾವ, ನಾನಿನ್ನೂ ಬ್ರೌಸರ್ ಕೂಡ ತೆಗ್ದಿರ್ಲಿಲ್ಲ. ಯಾರು ತಿಂದ್ರು ನನ್ ಡೇಟಾನ?’ ಎಂದು ಫೋನ್ ಮಾಡಿದಳು.

ಇಬ್ಬರೂ ಫೋನಿನಲ್ಲೇ ಹುಡುಕಿದೆವು. ಅವಳ ತಮ್ಮ ಹಾಕಿದ್ದ ಒಂದು ಗೇಮ್ ಲಾಂಚರ್ ತನ್ನ ಪಾಡಿಗೆ ಗೇಮಿನ ಅಪ್‌ಡೇಟ್ ಇಳಿಸಿಕೊಳ್ಳುತ್ತಿತ್ತು. ಇನ್ನೊಂದು ಪ್ರೋಗ್ರಾಂ ಮದುವೆಮನೆಯ ಫೋಟೊಗಳನ್ನು ಒಂದೊಂದಾಗಿ ಕ್ಲೌಡ್‌ಗೆ ಏರಿಸುತ್ತಿತ್ತು. ‘ಎಲ್ಲದಕ್ಕೂ ನೆಟ್ ಕಟ್ ಮಾಡಿಬಿಡ್ಲಾ?’ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ, ಯಾವುದಕ್ಕೆ ಕಟ್ ಮಾಡಬಹುದು, ಅದನ್ನು ತೀರ್ಮಾನಿಸುವುದು ಹೇಗೆ ಎಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೆನುಗಳ ಹೆಸರು ವಿಂಡೋಸ್ 11ರವು. ವಿಂಡೋಸ್ 10ರಲ್ಲಿ ಜಾಗ ಸ್ವಲ್ಪ ಆಚೀಚೆ ಇರುತ್ತದೆ.

ಮೊದಲು ಮೂರು ದಿನ ಬರೀ ನೋಡಿ

ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಮತ್ತು ಇಂಟರ್ನೆಟ್, ಅದರೊಳಗೆ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಅಲ್ಲಿಂದ ಡೇಟಾ ಯೂಸೇಜ್ ತೆರೆಯಿರಿ. ಕಳೆದ 30 ದಿನಗಳಲ್ಲಿ ಯಾವ ಪ್ರೋಗ್ರಾಂ ಎಷ್ಟು ಡೇಟಾ ಬಳಸಿದೆ ಎಂಬ ಲೆಕ್ಕ ಅಲ್ಲಿದೆ. ಡೇಟಾ ಖಾಲಿಯಾಗುತ್ತಿದೆ ಎನ್ನುವವರಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಈ ಕ್ಷಣದಲ್ಲಿ ಏನಾಗುತ್ತಿದೆ ಎಂದು ನೋಡಲು ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆದು, ನೆಟ್‌ವರ್ಕ್ ಟ್ಯಾಬ್ ಒತ್ತಿ. ನೆಟ್ ಬಳಸುತ್ತಿರುವ ಪ್ರೊಸೆಸ್‌ಗಳ (ಅಂದರೆ ಓಡುತ್ತಿರುವ ಪ್ರೋಗ್ರಾಂಗಳ) ಪಟ್ಟಿ, ಪ್ರತಿಯೊಂದರ ಮುಂದೆ ಸೆಂಡ್, ರಿಸೀವ್ ಎಂಬ ಎರಡು ಕಾಲಂ. ಹೆಚ್ಚಿನವರು ಬರುವ ಡೇಟಾ ಮಾತ್ರ ನೋಡುತ್ತಾರೆ. ನನ್ನ ಸಲಹೆ, ಹೋಗುವುದನ್ನು ನೋಡಿ. ಕ್ಲೌಡ್ ಬ್ಯಾಕಪ್, ವಿಡಿಯೊ ಕರೆ ಬಿಟ್ಟರೆ ಮನೆಯ ಕಂಪ್ಯೂಟರ್‌ನಿಂದ ಗಂಟೆಗಟ್ಟಲೆ ಡೇಟಾ ಹೊರಗೆ ಹೋಗುತ್ತಲೇ ಇರಲು ಕಾರಣ ಕಡಿಮೆ.

ಕಂಡ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಂಪ್ಯೂಟರ್ ಆನ್ ಆದ ಮೊದಲ ಹತ್ತು ನಿಮಿಷ, ನೀವು ಕೆಲಸ ಮಾಡುವಾಗ, ಸುಮ್ಮನೆ ಬಿಟ್ಟಾಗ, ಮೂರೂ ಹೊತ್ತು ನೋಡಬೇಕು. ಈ ಮೂರು ದಿನ ಏನನ್ನೂ ಬಂದ್ ಮಾಡಬೇಡಿ.

ಹೆಸರಿನ ಹಿಂದೆ ಯಾರಿದ್ದಾರೆ?

ಪಟ್ಟಿಯಲ್ಲಿ ‘ಎಸ್‌ವಿಸಿಹೋಸ್ಟ್’ ಎಂಬ ಹೆಸರು ಹತ್ತಾರು ಸಲ ಕಂಡು ಜನ ಗಾಬರಿಯಾಗುತ್ತಾರೆ. ಅದು ವಿಂಡೋಸ್‌ನದೇ. ಬೇರೆ ಬೇರೆ ಸರ್ವಿಸ್‌ಗಳನ್ನು, ಅಂದರೆ ತೆರೆಮರೆಯಲ್ಲಿ ಓಡುವ ವಿಂಡೋಸ್ ಕೆಲಸಗಳನ್ನು, ತನ್ನೊಳಗೆ ಕೂರಿಸಿಕೊಂಡು ನಡೆಸುವುದು ಅದರ ಕೆಲಸ. ಮೊದಲೆಲ್ಲ ಒಂದೊಂದರಲ್ಲಿ ಹಲವು ಸರ್ವಿಸ್‌ಗಳು ಒಟ್ಟಿಗೆ ಇರುತ್ತಿದ್ದವು. 2017ರಿಂದ ಈಚೆಗೆ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಕಂಪ್ಯೂಟರ್‌ಗಳಲ್ಲಿ ಬಹುಪಾಲು ಸರ್ವಿಸ್‌ಗಳಿಗೆ ಪ್ರತ್ಯೇಕ ಪ್ರೊಸೆಸ್ ಸಿಕ್ಕಿತು. ಹಾಗಾಗಿ ಸಂಖ್ಯೆ ಬೆಳೆದಿದೆ. ಟಾಸ್ಕ್ ಮ್ಯಾನೇಜರ್ ತೆರೆದು (ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ) ಡೀಟೇಲ್ಸ್‌ನಲ್ಲಿ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಗೋ ಟು ಸರ್ವಿಸಸ್’ ಆರಿಸಿದರೆ ಒಳಗಿರುವ ಸರ್ವಿಸ್ ಯಾವುದೆಂದು ತೋರಿಸುತ್ತದೆ.

ಯಾವುದೇ ಹೆಸರಿನ ಫೈಲ್ ಎಲ್ಲಿದೆ ಎಂದು ತಿಳಿಯಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಅಸಲಿ ಎಸ್‌ವಿಸಿಹೋಸ್ಟ್ ಇರುವುದು ವಿಂಡೋಸ್ ಫೋಲ್ಡರ್‌ನೊಳಗಿನ ಸಿಸ್ಟಮ್32ರಲ್ಲಿ. ಅದೇ ಹೆಸರಿನದು ಡೌನ್‌ಲೋಡ್ಸ್‌ನಲ್ಲೋ ಟೆಂಪ್ ಫೋಲ್ಡರ್‌ನಲ್ಲೋ ಕಂಡರೆ, ಅಥವಾ ಇಂಗ್ಲಿಷ್‌ನ ಓ ಅಕ್ಷರದ ಜಾಗದಲ್ಲಿ ಸೊನ್ನೆ ಇದ್ದರೆ, ನೆಟ್ ಕೊಡಬೇಕೇ ಎಂದು ಯೋಚಿಸುತ್ತ ಕೂರಬೇಡಿ. ನೆಟ್ ತೆಗೆದು ಪೂರ್ತಿ ವೈರಸ್ ಸ್ಕ್ಯಾನ್ ಮಾಡಿಸಿ. ನಮ್ಮ ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟ್‌ನಲ್ಲಿ ಇದಕ್ಕೆ ಉಚಿತ ಟೂಲ್‌ಗಳಿವೆ. ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ತನ್ನಿ.

ಹೊರಗಿನ ಕಂಪನಿಯ ಪ್ರೋಗ್ರಾಂ ಆದರೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ಟ್ಯಾಬ್ ನೋಡಿ. ಕಂಪನಿಯ ಹೆಸರಿನ ಸಹಿ ಇದ್ದರೆ ಒಂದು ಮಟ್ಟದ ಭರವಸೆ. ಪೂರ್ತಿ ಭರವಸೆ ಅಲ್ಲ: 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಪ್ರೋಗ್ರಾಂನ 5.33ನೇ ಆವೃತ್ತಿಯೊಳಗೇ ಕಳ್ಳ ಕೋಡ್ ಸೇರಿಕೊಂಡು, ಅಸಲಿ ಸಹಿಯೊಂದಿಗೇ ಸುಮಾರು 22 ಲಕ್ಷ ಕಂಪ್ಯೂಟರ್‌ಗಳಿಗೆ ತಲುಪಿತ್ತು. ಆದ್ದರಿಂದ ‘ಇದು ಒಳ್ಳೆಯ ಕಂಪನಿಯದಾ?’ ಎಂಬ ಪ್ರಶ್ನೆಗಿಂತ ನನಗೆ ಹೆಚ್ಚು ಕೆಲಸಕ್ಕೆ ಬಂದಿರುವ ಪ್ರಶ್ನೆ ಬೇರೆ.

‘ನೆಟ್ ಇಲ್ಲದಿದ್ದರೆ ನನ್ನ ಯಾವ ಕೆಲಸ ನಿಲ್ಲುತ್ತದೆ?’

ಪಟ್ಟಿಯ ಒಂದೊಂದು ಹೆಸರಿಗೂ ಈ ಪ್ರಶ್ನೆ ಕೇಳಿ.

ಕೆಲವಕ್ಕೆ ಉತ್ತರ ‘ಎಲ್ಲವೂ’. ಡಿಎಚ್‌ಸಿಪಿ ಕ್ಲೈಂಟ್ ಇಲ್ಲದಿದ್ದರೆ ನಿಮ್ಮ ಕಂಪ್ಯೂಟರ್‌ಗೆ ರೂಟರ್‌ನಿಂದ ವಿಳಾಸವೇ ಸಿಗದು. ಡಿಎನ್‌ಎಸ್ ಕ್ಲೈಂಟ್ ವೆಬ್‌ಸೈಟ್‌ನ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸಿಕೊಡುತ್ತದೆ. ವಿಂಡೋಸ್ ಟೈಮ್ ಸರ್ವಿಸ್ ಬಗ್ಗೆ ಜನರಿಗೆ ಅಸಡ್ಡೆ, ಗಡಿಯಾರಕ್ಕೆ ನೆಟ್ ಯಾಕೆ ಎಂದು. ಕಂಪ್ಯೂಟರ್‌ನ ದಿನಾಂಕ ತಪ್ಪಿದರೆ ಬ್ಯಾಂಕಿನ ಸೈಟ್ ಸೇರಿದಂತೆ ಸುರಕ್ಷಿತ ಸೈಟ್‌ಗಳು ಸರ್ಟಿಫಿಕೇಟ್ ಸರಿಯಿಲ್ಲ ಎಂದು ತೆರೆಯಲು ನಿರಾಕರಿಸುತ್ತವೆ. ಇವು ಮೂರೂ ಬಳಸುವ ಡೇಟಾ ಅತ್ಯಲ್ಪ. ಇವನ್ನು ಮುಟ್ಟಬೇಡಿ.

ವಿಂಡೋಸ್ ಅಪ್‌ಡೇಟ್ ಮತ್ತು ಡಿಫೆಂಡರ್ (ವಿಂಡೋಸ್‌ನದೇ ವೈರಸ್ ತಡೆಯುವ ಪ್ರೋಗ್ರಾಂ) ಡೇಟಾ ತಿನ್ನುತ್ತವೆ, ನಿಜ. ಆದರೂ ಫೈರ್‌ವಾಲ್‌ನಲ್ಲಿ, ಅಂದರೆ ನೆಟ್‌ನ ಬರುವ ಹೋಗುವ ದಾರಿ ಕಾಯುವ ವಿಂಡೋಸ್‌ನ ಕಾವಲಿನಲ್ಲಿ, ಅವನ್ನು ತಡೆಯಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. 2017ರ ಮೇ 12ರಂದು ವಾನಾಕ್ರೈ ಎಂಬ ವೈರಸ್‌ನ ದಾಳಿ ಶುರುವಾಗಿ ಸುಮಾರು 150 ದೇಶಗಳಲ್ಲಿ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟವರು ಸಿಕ್ಕಿಬಿದ್ದರು. ಬ್ರೌಸರ್‌ನ ಅಪ್‌ಡೇಟರ್‌ಗೂ ಇದೇ ಮಾತು.

ಕೆಲವಕ್ಕೆ ನೆಟ್ ಬೇಕು, ಆದರೆ ನೀವು ಬಳಸುವಾಗ ಮಾತ್ರ: ಗೇಮ್ ಲಾಂಚರ್, ಮೀಟಿಂಗ್ ಆ್ಯಪ್, ಹಾಡಿನ ಆ್ಯಪ್, ಪ್ರಿಂಟರ್ ಜೊತೆ ಬಂದ ಸಹಾಯಕ ಪ್ರೋಗ್ರಾಂ. ಇವಕ್ಕೆ ಫೈರ್‌ವಾಲ್ ಬೇಕಿಲ್ಲ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಆ್ಯಪ್ಸ್‌ನಲ್ಲಿ ಡಿಸೇಬಲ್ ಮಾಡಿದರೆ ಸಾಕು, ಕರೆದಾಗ ಮಾತ್ರ ಬರುತ್ತವೆ. ಅಂಗಡಿಯ ಲೆಕ್ಕದ ಕಂಪ್ಯೂಟರ್‌ನಲ್ಲಿ ಮಾತ್ರ ಎಚ್ಚರ. ಟ್ಯಾಲಿಯಂಥ ಪ್ರೋಗ್ರಾಂ ಬರೀ ಲೆಕ್ಕ ಬರೆಯಲು ಅಲ್ಲವೇ ಎಂದು ತಡೆದರೆ, ಇ-ಇನ್‌ವಾಯ್ಸ್ ಕಳಿಸುವ ಹೊತ್ತಿಗೆ ಗಿರಾಕಿಯ ಮುಂದೆ ಕೈ ಕಟ್ಟಿ ನಿಲ್ಲಬೇಕಾಗುತ್ತದೆ.

ಇನ್ನು ನೆಟ್ ಬೇಡವೇ ಬೇಡ ಎನ್ನುವಂಥವು. ಜಿಪ್ ಬಿಚ್ಚುವ ಟೂಲ್, ನಮ್ಮದೇ ಡಿಸ್ಕ್‌ನ ವಿಡಿಯೊ ತೋರಿಸುವ ಪ್ಲೇಯರ್, ಫೋಟೊ ಕತ್ತರಿಸುವ ಪುಟ್ಟ ಪ್ರೋಗ್ರಾಂ. ಇವುಗಳ ಪೈಕಿ ನಾನು ಮೊದಲು ನೋಡುವುದು ಕೀಬೋರ್ಡ್ ತಂತ್ರಾಂಶವನ್ನು. ಕನ್ನಡ ಟೈಪ್ ಮಾಡುವ ನಾವು ನುಡಿ, ಬರಹದಂಥವನ್ನು ಹಾಕಿಕೊಂಡಿರುತ್ತೇವೆ. ಇಂಥ ಪ್ರೋಗ್ರಾಂ ನಾವು ಒತ್ತುವ ಪ್ರತಿ ಕೀಲಿಯನ್ನೂ ಓದಲೇಬೇಕು, ಅದರ ಕೆಲಸವೇ ಅದು. ಪಾಸ್‌ವರ್ಡ್ ಕೂಡ ಅದೇ ದಾರಿಯಲ್ಲಿ ಹೋಗುತ್ತದೆ. ಅಕ್ಷರ ಮೂಡಿಸಲು ನೆಟ್ ಬೇಕಿಲ್ಲ. ಸಿಕ್ಕ ಸಿಕ್ಕ ಸೈಟ್‌ನಿಂದ ಇಳಿಸಿಕೊಂಡ, ಹೆಸರು ಕೇಳಿರದ ಟೈಪಿಂಗ್ ಟೂಲ್ ಒಂದು ಹೊರಗೆ ಡೇಟಾ ಕಳಿಸುತ್ತಿದ್ದರೆ ನಾನು ನೆಟ್ ತಡೆಯುವುದಿಲ್ಲ, ಟೂಲನ್ನೇ ತೆಗೆದುಹಾಕುತ್ತೇನೆ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ.

ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಿನ್ನೆಲೆಯಲ್ಲಿ ಓಡುತ್ತಿದ್ದು, ಅದನ್ನು ಯಾಕೆ ಹಾಕಿದ್ದು ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಈಗಲೇ ಅನ್‌ಇನ್‌ಸ್ಟಾಲ್ ಮಾಡಿ. ಬ್ಯಾಂಕಿನವರು ಎಂದು ಹೇಳಿಕೊಂಡು ಕರೆ ಮಾಡುವ ವಂಚಕರು ಮೊದಲು ಹಾಕಿಸುವುದು ಇದನ್ನೇ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

‘ಅಲೋ’ ಕೇಳುವ ಪೆಟ್ಟಿಗೆಯ ಬಗ್ಗೆ

ಹೊಸ ಪ್ರೋಗ್ರಾಂ ಓಡಿಸಿದಾಗ ಒಮ್ಮೊಮ್ಮೆ ವಿಂಡೋಸ್ ‘ಅಲೋ ಮಾಡಬೇಕೇ?’ ಎಂದು ಕೇಳುತ್ತದೆ. ಕ್ಯಾನ್ಸಲ್ ಒತ್ತಿದರೆ ಅದಕ್ಕೆ ನೆಟ್ ತಪ್ಪಿತು ಎಂದು ಬಹಳ ಜನ ನಂಬಿದ್ದಾರೆ. ನಾನೂ ವರ್ಷಗಟ್ಟಲೆ ಹಾಗೇ ತಿಳಿದಿದ್ದೆ. ಆ ಪ್ರಶ್ನೆ ಹೊರಗಿನವರು ಒಳಗೆ ಬರುವುದರ ಕುರಿತು ಮಾತ್ರ. 2004ರಲ್ಲಿ ಹಳೆಯ ವಿಂಡೋಸ್ ಆದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನೊಂದಿಗೆ (ದೊಡ್ಡ ಅಪ್‌ಡೇಟ್) ವಿಂಡೋಸ್ ಫೈರ್‌ವಾಲ್ ತಾನಾಗಿ ಆನ್ ಆಗಿರತೊಡಗಿತು. ಆಗ ಅದು ಕಾಯುತ್ತಿದ್ದದ್ದು ಒಳಬರುವ ದಾರಿಯನ್ನಷ್ಟೇ. ಅದರ ನಂತರದ ವಿಂಡೋಸ್ ವಿಸ್ತಾದಿಂದ ಹೊರಹೋಗುವ ದಾರಿಯನ್ನೂ ತಡೆಯುವ ಸೌಲಭ್ಯ ಬಂತು, ಆದರೆ ನಾವು ಬೇಡ ಎನ್ನುವ ತನಕ ಅದು ಎಲ್ಲರನ್ನೂ ಹೊರಗೆ ಬಿಡುತ್ತದೆ. ಇವತ್ತಿಗೂ ಹಾಗೇ. ಕ್ಯಾನ್ಸಲ್ ಒತ್ತಿದ ಪ್ರೋಗ್ರಾಂ ಆರಾಮಾಗಿ ಹೊರಗಿನ ಸರ್ವರ್ ಜೊತೆ ಮಾತಾಡುತ್ತಿರಬಹುದು. ಆ ಪೆಟ್ಟಿಗೆಗೆ ನನ್ನ ಉತ್ತರ ಸಾಮಾನ್ಯವಾಗಿ ಕ್ಯಾನ್ಸಲ್; ಮನೆಯೊಳಗೆ ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚುವ ಪ್ರೋಗ್ರಾಂ ಆದರೆ ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ ಅಲೋ. ರೈಲ್ವೆ ಸ್ಟೇಷನ್, ಲಾಡ್ಜ್‌ನ ವೈಫೈಗೆ ಪಬ್ಲಿಕ್ ಎಂದೇ ಆರಿಸಿ.

ಹೊರದಾರಿ ತಡೆಯುವುದು

ಮೊದಲು ಆ ಪ್ರೋಗ್ರಾಂನದೇ ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಕೆಲಸ ನಿಲ್ಲಿಸುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಸ್ಟಾರ್ಟ್‌ಅಪ್ ಪಟ್ಟಿಯಿಂದ ತೆಗೆಯಿರಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಫೈರ್‌ವಾಲ್.

ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್ಡ್ ಸೆಕ್ಯುರಿಟಿ’ ತೆರೆಯಿರಿ. ಎಡಗಡೆ ಔಟ್‌ಬೌಂಡ್ ರೂಲ್ಸ್ ಒತ್ತಿ, ಬಲಗಡೆ ನ್ಯೂ ರೂಲ್ ಒತ್ತಿ. ಪ್ರೋಗ್ರಾಂ ಎಂಬುದನ್ನು ಆರಿಸಿ, ಬ್ರೌಸ್ ಮಾಡಿ ಆ ಫೈಲನ್ನು ತೋರಿಸಿ. ‘ಬ್ಲಾಕ್ ದ ಕನೆಕ್ಷನ್’ ಆರಿಸಿ. ಡೊಮೇನ್, ಪ್ರೈವೇಟ್, ಪಬ್ಲಿಕ್ ಮೂರಕ್ಕೂ ಟಿಕ್ ಇರಲಿ. ಕೊನೆಗೆ ಹೆಸರು ಕೊಡುವಾಗ ನಿಮ್ಮದೇ ಗುರುತು ಹಾಕಿ. ನಾನು ‘ನನ್ನ ತಡೆ’ ಎಂದು ಶುರು ಮಾಡಿ ಪ್ರೋಗ್ರಾಂ ಹೆಸರು, ತಾರೀಖು ಬರೆಯುತ್ತೇನೆ. ನೂರಾರು ರೂಲ್‌ಗಳ ನಡುವೆ ನಮ್ಮದನ್ನು ಹುಡುಕಲು ಇದೇ ದಾರಿ.

ಎಸ್‌ವಿಸಿಹೋಸ್ಟ್‌ಗೆ ಇಂಥ ರೂಲ್ ಹಾಕಲೇಬೇಡಿ. ಅಪ್‌ಡೇಟ್, ಗಡಿಯಾರ, ಡಿಎನ್‌ಎಸ್ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಸಿಸ್ಟಮ್ ಅಡ್ಮಿನ್ ಅವರನ್ನು ಕೇಳದೆ ಮುಟ್ಟಬೇಡಿ. ರೂಲ್ ನೆನಪಿಟ್ಟುಕೊಳ್ಳುವುದು ಫೈಲ್ ಇರುವ ಜಾಗವನ್ನು. ಕೆಲವು ಆ್ಯಪ್‌ಗಳು ಅಪ್‌ಡೇಟ್ ಆದಾಗಲೆಲ್ಲ ಹೊಸ ಫೋಲ್ಡರ್‌ಗೆ ಹೋಗುವುದರಿಂದ ಹಳೆಯ ರೂಲ್ ಕೆಲಸಕ್ಕೆ ಬಾರದೆ ಉಳಿಯುತ್ತದೆ. ದಿನಕ್ಕೆ ಒಂದೇ ರೂಲ್ ಹಾಕಿ. ಏನಾದರೂ ಕೆಟ್ಟರೆ ಯಾವುದರಿಂದ ಎಂದು ತಕ್ಷಣ ತಿಳಿಯುತ್ತದೆ. ಕೆಟ್ಟರೆ ಡಿಲೀಟ್ ಮಾಡದೆ ‘ಡಿಸೇಬಲ್ ರೂಲ್’ ಒತ್ತಿ.

ಲಿನಕ್ಸ್‌ನಲ್ಲಿ ಓಪನ್‌ಸ್ನಿಚ್, ಮ್ಯಾಕ್‌ನಲ್ಲಿ ಉಚಿತವಾದ ಲುಲು ಇದೇ ಕೆಲಸ ಮಾಡುತ್ತವೆ. ಹೊಸ ಪ್ರೋಗ್ರಾಂ ಹೊರಗೆ ಹೊರಟಾಗ ಅವು ನಿಲ್ಲಿಸಿ ಕೇಳುತ್ತವೆ. ಮ್ಯಾಕ್‌ನ ಸ್ವಂತ ಫೈರ್‌ವಾಲ್ ನೋಡಿಕೊಳ್ಳುವುದು ಒಳಬರುವುದನ್ನು ಮಾತ್ರ.

ಅಕ್ಕನ ಮಗಳಿಗೆ ಹೆಚ್ಚು ಉಪಕಾರವಾದದ್ದು ಒಂದೂ ರೂಲ್ ಹಾಕದೆ ಮಾಡಿದ ಕೆಲಸ. ವೈಫೈ ಪ್ರಾಪರ್ಟೀಸ್‌ನಲ್ಲಿ ಹಾಟ್‌ಸ್ಪಾಟನ್ನು ‘ಮೀಟರ್ಡ್ ಕನೆಕ್ಷನ್’, ಅಂದರೆ ಡೇಟಾಗೆ ಮಿತಿ ಇರುವ ಸಂಪರ್ಕ, ಎಂದು ಗುರುತಿಸಿದೆವು. ಆಗ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸದೆ ಕಾಯುತ್ತದೆ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಆಫ್ ಮಾಡಿದೆವು. ಇಳಿಸಿಕೊಂಡ ಅಪ್‌ಡೇಟನ್ನು ಬೇರೆ ಕಂಪ್ಯೂಟರ್‌ಗಳಿಗೆ ಹಂಚುವ ಏರ್ಪಾಡು ಅದು. ಫೋಟೊ ಪ್ರೋಗ್ರಾಂಗೆ ಬ್ಯಾಕಪ್ ನಿಲ್ಲಿಸು ಎಂದು ಅದರ ಸೆಟ್ಟಿಂಗ್ಸ್‌ನಲ್ಲೇ ಹೇಳಿದೆವು. ಶನಿವಾರ ಕಾಲೇಜಿಗೆ ಹೋದಾಗ ಅಲ್ಲಿನ ವೈಫೈನಲ್ಲಿ ಕೂತು ವಿಂಡೋಸ್ ಅಪ್‌ಡೇಟ್ ಮಾಡಿಕೊಳ್ಳುತ್ತಾಳೆ.

ಫೈರ್‌ವಾಲ್‌ನಲ್ಲಿ ಈಗ ಅವಳ ಹೆಸರಿನ ನಾಲ್ಕು ರೂಲ್‌ಗಳಿವೆ. ಮೊನ್ನೆ ಅದರಲ್ಲೊಂದನ್ನು ಡಿಸೇಬಲ್ ಮಾಡಿದಳಂತೆ. ಪ್ರಿಂಟರ್ ಪ್ರೋಗ್ರಾಂ ತಡೆದ ಮರುದಿನವೇ ವೈಫೈ ಮೂಲಕ ಸ್ಕ್ಯಾನ್ ಮಾಡಲು ಆಗಲಿಲ್ಲ. ನೋಟ್‌ಬುಕ್ ತೆಗೆದು ಹಿಂದಿನ ದಿನದ ಸಾಲು ನೋಡಿ, ನನಗೆ ಫೋನ್ ಮಾಡದೆ ತಾನೇ ಸರಿಮಾಡಿಕೊಂಡಿದ್ದಾಳೆ.