ಬ್ಯಾಣಕ್ಕೊಂದು ಹುಲ್ಲು, ಕೊಟ್ಟಿಗೆಗೊಂದು ಹುಲ್ಲು

"ನೇಪಿಯರ್ ಕಡ್ಡಿ ಎಲ್ಲಿ ಸಿಗ್ತದೆ?" ಎತ್ತರಕ್ಕೆ ಬೆಳೆಯುವ ಈ ಮೇವಿನ ಹುಲ್ಲಿನ ಬಗ್ಗೆ ಶಿರಸಿ ಕಡೆ ಹೊಸದಾಗಿ ಹಸು ಕಟ್ಟಿದವರು ಮೊದಲು ಕೇಳುವುದೇ ಇದನ್ನು. ಅದಕ್ಕೂ ಮುಂಚೆ ಒಂದನ್ನು ತೀರ್ಮಾನಿಸಿಕೊಳ್ಳಿ. ದನ ಹುಲ್ಲಿದ್ದಲ್ಲಿಗೆ, ಅಂದರೆ ಬ್ಯಾಣಕ್ಕೆ (ಮೇಯುವ ಹುಲ್ಲುಗಾವಲಿಗೆ) ಹೋಗುತ್ತದೋ, ಹುಲ್ಲು ದನ ಇದ್ದಲ್ಲಿಗೆ ಬರುತ್ತದೋ?

ಕೊಯ್ದು ತಂದು ಹಾಕುವುದಾದರೆ ಹೈಬ್ರಿಡ್ ನೇಪಿಯರ್ ಸರಿ. ಕೊಯಮತ್ತೂರಿನ ಸಿಒ-4, ಧಾರವಾಡದ ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ಎರಡೂ ತಳಿ ಆಗುತ್ತವೆ. ನೀರು ಬಸಿದು ಹೋಗುವ ಜಾಗ ಬೇಕು. ಮಳೆ ಹಿಡಿಯುತ್ತಿದ್ದ ಹಾಗೆ ಎರಡು ಗಂಟಿನ ಕಡ್ಡಿಯನ್ನು ಎರಡಡಿಗೊಂದರಂತೆ, ಒಂದು ಗಂಟು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಊರಿ. ಮೊದಲ ಕೊಯ್ಲು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ.

ತೆಂಗಿನ ತೋಟದ ಅರೆನೆರಳಿಗೆ ಗಿನಿ ಹುಲ್ಲು ವಾಸಿ. ಕಾರವಾರ, ಅಂಕೋಲಾ ಕಡೆ ನೀರು ನಿಲ್ಲುವ ತಗ್ಗು ಗದ್ದೆಗೆ ಪಾರಾ ಹುಲ್ಲು.

ಬ್ಯಾಣಕ್ಕೆ ಮಾತ್ರ ನೇಪಿಯರ್ ಬೇಡ. ನಾನು ಹಾಕಿ ಕಳೆದುಕೊಂಡಿದ್ದೇನೆ. ನಮ್ಮ ಮಲೆನಾಡು ಗಿಡ್ಡ ತಳಿಯ ದನಗಳು ಚಿಗುರು ಬಂದ ಹಾಗೇ ಬುಡದ ತನಕ ಮೇಯ್ದವು, ತುಳಿದವು. ಎರಡನೇ ಮಳೆಗಾಲಕ್ಕೆ ಅರ್ಧಕ್ಕರ್ಧ ಬುಡ ಸತ್ತಿತ್ತು. ಮೇಯಿಸಲು ನೆಲಕ್ಕೆ ಹಬ್ಬುವ ಹುಲ್ಲೇ ಆಗಬೇಕು. ಸಿಗ್ನಲ್ ಹುಲ್ಲು ಹಾಕಿ. ಹುಳಿ ಇರುವ ನಮ್ಮ ಕೆಂಪು ಮಣ್ಣಿಗೆ ಅದು ಚೆನ್ನಾಗಿ ಒಗ್ಗುತ್ತದೆ, ದಂಟು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ನಡುನಡುವೆ ಸ್ಟೈಲೋ ಬೀಜ ಎರಚಿ. ಅದು ದ್ವಿದಳ ಜಾತಿ, ಪ್ರೋಟೀನ್ ಜಾಸ್ತಿ. ಬ್ಯಾಣವನ್ನು ಮೂರು ಪಾಲು ಮಾಡಿ ಸರದಿಯಲ್ಲಿ ದನ ಬಿಟ್ಟರೆ ಹುಲ್ಲಿಗೂ ಉಸಿರಾಡಲು ಪುರಸೊತ್ತು ಸಿಗುತ್ತದೆ.

ಬೇಸಿಗೆಗೆ ಒಣಗಿಸಿಡಬೇಕು ಅಲ್ವಾ? ಅದಕ್ಕೂ ನೇಪಿಯರ್ ಆಗದು. ದಂಟು ದಪ್ಪ, ಹೊರಗೆ ಒಣಗಿದರೂ ಒಳಗೆ ಹಸಿಯೇ. ಸಣ್ಣ ದಂಟಿನ ಸಿಗ್ನಲ್, ರೋಡ್ಸ್ ಹುಲ್ಲು ಬೇಗ ಒಣಗುತ್ತವೆ. ಆಗಸ್ಟ್ ಕೊನೆಗೆ ಒಮ್ಮೆ ಕೊಯ್ದು ಹಸಿಯಾಗಿ ತಿನ್ನಿಸಿಬಿಡಿ. ಮತ್ತೆ ಎದ್ದ ಹುಲ್ಲನ್ನು ಮಳೆ ಬಿಟ್ಟ ಮೇಲೆ, ಹೂ ಶುರುವಾಗುವಾಗಲೇ ಕೊಯ್ಯಿರಿ. ಬ್ಯಾಣದಲ್ಲಿ ತಾನಾಗಿ ಬೆಳೆಯುವ ಕರಡದ ಹುಲ್ಲನ್ನು ನಾವು ಬೀಜ ಉದುರುವ ತನಕ ಬಿಡುತ್ತೇವಲ್ಲ, ಅಷ್ಟೊತ್ತಿಗೆ ಅದರಲ್ಲಿ ಸತ್ವ ಬಹಳ ಉಳಿದಿರುವುದಿಲ್ಲ.

ಅಟ್ಟಕ್ಕೆ ಏರಿಸುವ ಮೊದಲು ಒಂದು ದಂಟು ಎತ್ತಿಕೊಂಡು ಗಂಟಿನ ಹತ್ತಿರ ಉಗುರಿನಲ್ಲಿ ಕೆರೆಯಿರಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಹಸಿ ಇದೆ. ಹಾಗೇ ಒಟ್ಟಿದರೆ ಒಳಗೊಳಗೇ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಮಗುಚಿ ಹಾಕಿ, ಇನ್ನೊಂದು ದಿನದ ಬಿಸಿಲು ಕೊಡಿ.