ಆನ್ನಾ ಆಟ್ಕಿನ್ಸ್ ವಿಧಾನದಲ್ಲಿ ಎಲೆಯ ನೀಲಿ ಅಚ್ಚು
ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಆನ್ನಾ ಆಟ್ಕಿನ್ಸ್ 1843ರಲ್ಲಿ ಕಡಲ ಪಾಚಿಗಳ ಚಿತ್ರ ತೆಗೆದದ್ದು ಕ್ಯಾಮೆರಾ ಇಲ್ಲದೆ, ಬರೀ ಬಿಸಿಲಲ್ಲಿ. ವಿಜ್ಞಾನಿ ಜಾನ್ ಹರ್ಷೆಲ್ ಹಿಂದಿನ ವರ್ಷವಷ್ಟೇ ಕಂಡುಹಿಡಿದಿದ್ದ ಸಯನೋಟೈಪ್, ಅಂದರೆ ಬಿಸಿಲಿನಿಂದ ನೀಲಿ ಅಚ್ಚು ಮೂಡಿಸುವ ವಿಧಾನ ಅದು.

100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್. ಇನ್ನೊಂದು 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಕೈಗವಸು ಬೇಕು, ಆಸಿಡ್ ಹತ್ತಿರ ಸುಳಿಯಕೂಡದು. ಈ ಎರಡು ದ್ರಾವಣಗಳನ್ನು ಆಗಿಂದಾಗ ಬೇಕಾದಷ್ಟನ್ನೇ ಸಮಸಮ ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಡ್ರಾಯಿಂಗ್ ಹಾಳೆಗೆ ತೆಳುವಾಗಿ ಬಳಿದು ಕತ್ತಲಲ್ಲಿ ಒಣಗಿಸಿ.

ಒತ್ತಿ ಒಣಗಿಸಿದ ಎಲೆ ಇಟ್ಟು ಮೇಲೆ ಗಾಜು ಹೇರಿ. ಎಲೆ ಮೇಲೆದ್ದರೆ ಅಂಚು ಮಸುಕು. ಹಸಿಯಿದ್ದರೆ ರಸದ ಕಲೆ. ಜರೀಗಿಡದ ಎಲೆಯಷ್ಟು ಚಂದ ಬೇರಾವುದೂ ಬರುವುದಿಲ್ಲ. ನಡುಹಗಲ ಬಿಸಿಲಿಗೆ 10–15 ನಿಮಿಷ. ಹಾಳೆಯ ಹಳದಿ-ಹಸಿರು ಬೂದುಬಣ್ಣಕ್ಕೆ ತಿರುಗಿದರೆ ಸಾಕು. ಹಳದಿ ಬಿಡುವುದು ನಿಲ್ಲುವವರೆಗೆ ತಣ್ಣೀರಲ್ಲಿ ತೊಳೆಯಿರಿ. ಸೋಪು ತಾಗಿಸಬೇಡಿ, ಕ್ಷಾರಕ್ಕೆ ನೀಲಿ ಮಾಸುತ್ತದೆ.