ಕಪ್ಪಿಂಗ್ ಟೇಬಲ್ ಮೇಲೆ ಎರಡು ಸಾವಿರದ ಫ್ರೆಂಚ್ ರೆಡ್: ನನ್ನ ಅನುಭವ

ಎರಡು ಸಾವಿರ ರೂಪಾಯಿ ಆಸುಪಾಸಿನ ಫ್ರೆಂಚ್ ರೆಡ್ ಬ್ಲೆಂಡ್ (ಹಲವು ದ್ರಾಕ್ಷಿ ತಳಿ ಬೆರೆಸಿದ ಕೆಂಪು ವೈನ್) ಕೊಟ್ಟ ದುಡ್ಡಿಗೆ ತಕ್ಕದ್ದೋ ಅಲ್ಲವೋ ಅಂತ ಹೇಳಲು ನಮ್ಮ ಕಾಫಿ ಕಪ್ಪಿಂಗ್ ಕ್ರಮವೇ, ಅಂದರೆ ಕಾಫಿಯನ್ನು ಮೂಸಿ, ಸೊರ್ರನೆ ಹೀರಿ, ಉಗಿದು ಅಂಕ ಕೊಡುವ ಪದ್ಧತಿಯೇ ಸಾಕು ಅಂತ ನಾನಂದಾಗ ನಕ್ಕವರೇ ಜಾಸ್ತಿ. ಬೆಂಗಳೂರಿನಲ್ಲಿ ವೈನ್ ಕೋರ್ಸ್ ಮುಗಿಸಿ ಬಂದಿದ್ದ ಗೆಳೆಯನಂತೂ “ರೋಬಸ್ಟಾ ಉಗಿದ ಬಾಯಿಗೆ ರೋನ್ ಏನು ಗೊತ್ತಾಗುತ್ತೆ ಮಾರಾಯ” ಅಂತ ಹಂಗಿಸಿದ್ದ. ರೋನ್ ಅಂದರೆ ಫ್ರಾನ್ಸಿನ ರೋನ್ ನದಿ ಕಣಿವೆಯ ವೈನ್. ಈಗ ಬಾಟಲಿ ಕೊಳ್ಳುವ ಮೊದಲು ಅವನೇ ಫೋನ್ ಮಾಡುತ್ತಾನೆ. ಕಪ್ಪಿಂಗ್ ಟೇಬಲ್ ಮುಂದೆ ನಿಂತು ಅಭ್ಯಾಸ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸ್ಲರ್ಪ್ ಹೇಗೆ, ಉಗಿಯೋದು ಯಾಕೆ ಅಂತೆಲ್ಲ ವಿವರಿಸುವುದಿಲ್ಲ.

ಮೊದಲು ದುಡ್ಡಿನ ಮಾತು. ನಾನು ಶುರು ಮಾಡಿದಾಗ ಹೊರಗಿನ ವೈನ್‌ಗೆ ಕಸ್ಟಮ್ಸ್ ಸುಂಕವೇ ಶೇಕಡಾ 150, ಅದರ ಮೇಲೆ ರಾಜ್ಯದ ಅಬಕಾರಿ. ಫ್ರಾನ್ಸಿನ ಸೂಪರ್‌ಮಾರ್ಕೆಟ್‌ನಲ್ಲಿ ಐದಾರು ಯೂರೋಗೆ ಸಿಗುವ ಮಾಲು ಗೋಣಿಕೊಪ್ಪದ ನನ್ನ ಮೇಜಿಗೆ ಬರುವಷ್ಟರಲ್ಲಿ ಎರಡು, ಎರಡೂವರೆ ಸಾವಿರ ಆಗಿರುತ್ತಿತ್ತು. ಅಲ್ಲಿನವರಿಗೆ ಅದು ಊಟದ ಜೊತೆಗಿನ ಮಾಮೂಲಿ ವೈನ್, ಕೆಟ್ಟದ್ದು ಬಂದರೆ ಸಿಂಕಿಗೆ ಸುರಿದು ಸುಮ್ಮನಾಗುತ್ತಾರೆ. ನಮಗೆ ಹಾಗಲ್ಲ. ಹೋಮ್‌ಸ್ಟೇ ಅತಿಥಿಗಳಿಗೆ ಪಂದಿ ಕರಿ ಜೊತೆ ಒಂದು ನಂಬಿಕಸ್ತ ರೆಡ್ ಇಡಬೇಕು, ಕೇಸ್ ಲೆಕ್ಕದಲ್ಲಿ ಕೊಂಡರೆ ಇಪ್ಪತ್ತೈದು ಸಾವಿರ ಒಂದೇ ಏಟಿಗೆ ಹೋಗುತ್ತದೆ. ಕುಡಿದು ನೋಡಿ ಆರಿಸುವ ಈ ಹುಚ್ಚಿಗೆ ಇಲ್ಲಿಯವರೆಗೆ ಖರ್ಚಾದದ್ದರಲ್ಲಿ ಒಂದು ಒಳ್ಳೆ ಬ್ರಷ್ ಕಟರ್ ಬಂದು ಮೇಲೆ ಪಂಪ್‌ಸೆಟ್ ರಿಪೇರಿಯೂ ಆಗುತ್ತಿತ್ತು ಅಂತ ಮನೆಯಾಕೆ ಈಗಲೂ ಹೇಳುತ್ತಾಳೆ.

ಯಾವ ಕಾಲದಲ್ಲಿ ರುಚಿ ನೋಡಬೇಕು ಅನ್ನುವುದೇ ಮೊದಲ ತಲೆನೋವಾಯಿತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಗುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿರುತ್ತದೆ, ಆ ಸಿಪ್ಪೆ ಕೊಳೆಯುವ ವಾಸನೆ ಮನೆಯೊಳಗೆ ಕೂತಿರುತ್ತದೆ, ಯಾವ ವೈನ್ ಮೂಸಿದರೂ ಫರ್ಮೆಂಟ್ ಅನ್ನಿಸುತ್ತದೆ. ಏಪ್ರಿಲ್‌ನಲ್ಲಿ ಸೆಕೆ. ಬೆಂಗಳೂರಿನಿಂದ ಕಾರಿನ ಡಿಕ್ಕಿಯಲ್ಲಿ ಬಂದ ಒಂದು ಬಾಟಲಿಯ ಕಾರ್ಕ್ ಅರ್ಧ ಬೆರಳು ಮೇಲೆದ್ದಿತ್ತು, ಒಳಗಿನದು ಜಾಮ್ ಕುದಿಸಿದ ಹಾಗಿತ್ತು. ಕೊನೆಗೆ ಗಟ್ಟಿಯಾದದ್ದು ಕಕ್ಕಡ ತಿಂಗಳು (ಜುಲೈ–ಆಗಸ್ಟ್). ಹೊರಗೆ ಜಡಿಮಳೆ, ಒಳಗೆ ಇಪ್ಪತ್ತು ಡಿಗ್ರಿ ಆಚೀಚೆ, ತೋಟದಲ್ಲಿ ಕೆಲಸವೂ ಕಡಿಮೆ. ಆದರೆ ಮಳೆಗಾಲದ ಕಪಾಟು ಅಂದರೆ ಬೂಸ್ಟು. ಗ್ಲಾಸ್ ತೊಳೆದು ಒರೆಸಿ ಇಟ್ಟರೂ ಎರಡೇ ದಿನಕ್ಕೆ ಮುಗ್ಗಲು ವಾಸನೆ. ಈಗ ಗ್ಲಾಸನ್ನು ಬಿಸಿನೀರಲ್ಲಿ ತೊಳೆದು, ರುಚಿ ನೋಡುವ ವೈನ್‌ನಲ್ಲೇ ಒಂದು ಚಮಚ ಹಾಕಿ ಮುಕ್ಕಳಿಸಿ ಚೆಲ್ಲುತ್ತೇನೆ. ಕರೆಂಟ್ ಹೋದರೆ ಒಲೆಮನೆ ಬಾಗಿಲು ಭದ್ರ, ಹೊಗೆ ಸೇರಿದರೆ ಆ ದಿನದ ಆಟ ಮುಗಿಯಿತು.

ಗ್ಲಾಸ್ ವಿಷಯದಲ್ಲಿ ಜಿಪುಣತನ ಬೇಡ. ಐಎಸ್‌ಒ ಟೇಸ್ಟಿಂಗ್ ಗ್ಲಾಸ್, ಇನ್ನೂರು ಚಿಲ್ಲರೆ ಮಿಲಿ ಹಿಡಿಯುವುದು, ಅದರಲ್ಲಿ 50 ಮಿಲಿ ಹೊಯ್ದರೆ ಸಾಕು. ಆರು ಗ್ಲಾಸಿಗೆ ಎರಡು ಸಾವಿರದಷ್ಟು ಕೊಟ್ಟ ನೆನಪು, ಈಗ ಉಳಿದದ್ದು ಅರ್ಧ. ಉಗಿಯಲು ಅಜ್ಜಿಯ ಕಾಲದ ಹಿತ್ತಾಳೆ ಪೀಕದಾನಿ ಇದೆ. ನೆಂಟರನ್ನು ಪ್ಯಾನೆಲ್‌ಗೆ ಕೂರಿಸುವ ಪ್ರಯತ್ನ ಅದರ ಹತ್ತಿರವೇ ಮುಗ್ಗರಿಸಿತು. “ಎರಡು ಸಾವಿರದ ಮಾಲನ್ನ ಉಗಿಯೋದಾ?” ಅಂತ ಭಾವ ಎದ್ದು ಹೋಗಿ ಸೋಡಾ ಹುಡುಕಿದ.

ಕ್ರಮ ಹೀಗೆ. ಕಪ್ಪಿಂಗ್‌ನಲ್ಲಿ ಒಂದೇ ರಾಶಿಯ ಕಾಫಿಗೆ ಐದು ಕಪ್ ಇಡುತ್ತೇವಲ್ಲ, ಇಲ್ಲಿ ಒಂದೇ ಬಾಟಲಿಯಿಂದ ಮೂರು ಗ್ಲಾಸ್. ಅವು ಬೇರೆ ಬಾಟಲಿಗಳ ಗ್ಲಾಸ್‌ಗಳ ನಡುವೆ ಚೆದುರಿ ಕೂತಿರುತ್ತವೆ, ನಂಬರ್ ಗೊತ್ತಿರುವುದು ಮನೆಯಾಕೆಗೆ ಮಾತ್ರ. ಇದು ನನ್ನ ತಲೆಯಿಂದ ಬಂದದ್ದಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಅನ್ನುವವರು ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಗೊತ್ತಾಗದಂತೆ ಕೊಟ್ಟು ನೋಡಿದ್ದರು. 2008ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಹತ್ತರಲ್ಲಿ ಒಬ್ಬರಷ್ಟೇ ಮೂರೂ ಸಲ ಒಂದೇ ಪದಕದ ಗುಂಪಿನಲ್ಲಿ ಅಂಕ ಕೊಟ್ಟಿದ್ದರಂತೆ. ಪಂಡಿತರ ಕಥೆಯೇ ಹಾಗಿರುವಾಗ ವೈನಿಗೆ ಅಂಕ ಕೊಡುವ ಮೊದಲು ನನಗೆ ನಾನೇ ಅಂಕ ಕೊಟ್ಟುಕೊಳ್ಳುವುದು ಒಳ್ಳೆಯದು. ಮೂರು ಗ್ಲಾಸ್‌ಗಳ ನಡುವೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಆ ದಿನದ ಹಾಳೆ ಹರಿದು ಬಿಸಾಡುತ್ತೇನೆ. ಶುರುವಿನಲ್ಲಿ ಹರಿದ ಹಾಳೆಗಳೇ ಜಾಸ್ತಿ, ಈಗ ಅಪರೂಪ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ.

ಎರಡನೆಯದು ಉಷ್ಣಾಂಶ. ಕಾಫಿ ಆರುತ್ತಾ ಹೋದಂತೆ ದೋಷ ಬಾಯಿಬಿಡುತ್ತದೆ. ವೈನ್ ಉಲ್ಟಾ, ಬಿಸಿಯಾದಂತೆ ಬಣ್ಣ ಬಯಲಾಗುತ್ತದೆ. ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ ಇಟ್ಟು 14 ಡಿಗ್ರಿಗೆ ತೆಗೆಯುತ್ತೇನೆ, 18ಕ್ಕೆ ಮತ್ತೊಮ್ಮೆ, ಅಂಗೈಯಲ್ಲಿ ಹಿಡಿದು 22 ಮುಟ್ಟಿದಾಗ ಕೊನೆಯದಾಗಿ ಬಾಯಿಗೆ ಹಾಕುತ್ತೇನೆ. ಮುನ್ನೂರು ರೂಪಾಯಿಯ ಕಿಚನ್ ಥರ್ಮಾಮೀಟರ್ ಸಾಕು.

ನನ್ನ ಪಟ್ಟಿಯಲ್ಲಿ ಮೇಲೆ ಕೂತಿರುವ ಕೋಟ್ ದು ರೋನ್ ಒಂದರ ಹಾಳೆ ಈಗ ಮುಂದಿದೆ. ದ್ರಾಕ್ಷಿ ತಳಿಗಳಲ್ಲಿ ಗ್ರೆನಾಶ್ ಜಾಸ್ತಿ, ಜೊತೆಗೆ ಸಿರಾ, ಒಂದಿಷ್ಟು ಮೂರ್ವೆದ್ರ್, ಆಲ್ಕೋಹಾಲ್ ಶೇಕಡಾ 14. ಹದಿನಾಲ್ಕು ಡಿಗ್ರಿಯಲ್ಲಿ ಮೂಗಿಗೆ ಬಂದದ್ದು ಕರಿಮೆಣಸು, ಆಮೇಲೆ ಹಸಿ ಎಲೆ. ಬಾಯಲ್ಲಿ ಟ್ಯಾನಿನ್, ಅಂದರೆ ಒಗರು, ಮೇಲಿನ ಒಸಡನ್ನು ಎಳೆದು ಬಿಟ್ಟಿತು, ಹುಳಿ ನಾಲಿಗೆಯ ಅಂಚಿನಲ್ಲಿ ನಿಂತಿತು, ಹಣ್ಣು ಇನ್ನೂ ಕಾಣಲಿಲ್ಲ. ಹದಿನೆಂಟಕ್ಕೆ ಸ್ಟ್ರಾಬೆರಿ, ಹಣ್ಣಾದ ನೇರಳೆ. ಒಸಡಿನ ಎಳೆತ ಕೆನ್ನೆಯ ಒಳಗೋಡೆಗೆ ಇಳಿದು ನುಣ್ಣಗಾಯಿತು. ಇಪ್ಪತ್ತೆರಡಕ್ಕೆ ಗಂಟಲಲ್ಲಿ ಆಲ್ಕೋಹಾಲ್ ಸ್ವಲ್ಪ ಸುಟ್ಟಿತು, ಆದರೆ ಹಣ್ಣು ಜಾಮ್ ಆಗಲಿಲ್ಲ. ಅಲ್ಲೇ ಅದು ಪಾಸ್. ಇದೇ ಬೆಲೆಯ ಇನ್ನೊಂದು ಹದಿನಾರರಲ್ಲಿ ರಾಜನ ಹಾಗೆ ಮೆರೆದು ಇಪ್ಪತ್ತೆರಡಕ್ಕೆ ಬರುವಷ್ಟರಲ್ಲಿ ಕೆಮ್ಮಿನ ಸಿರಪ್ ಆಗಿತ್ತು. ಅಂಗಡಿಯವರು, ಹೋಟೆಲಿನವರು ತಣ್ಣಗೆ ಒಂದು ಗುಟುಕು ಕೊಟ್ಟು “ಹೇಗಿದೆ ಸಾರ್” ಅನ್ನುವಾಗ ಈ ಎರಡನೇ ಜಾತಿಯೇ ಗೆಲ್ಲುತ್ತದೆ.

ಕರಿಮೆಣಸಿನ ಮಾತು ಬಂತಲ್ಲ, ಅದರ ಹಿಂದೆ ಒಂದು ಮಳೆಗಾಲವೇ ಹೋಯಿತು. ಸಿರಾದಲ್ಲಿ ಬರುವ ಮೆಣಸಿನ ಘಮಕ್ಕೆ ಕಾರಣ ರೊಟಂಡೋನ್ ಅನ್ನುವ ವಸ್ತು. ಆಸ್ಟ್ರೇಲಿಯಾದವರು 2008ರಲ್ಲಿ ಗುರುತಿಸಿದ್ದು, ನಮ್ಮ ಸಿಲ್ವರ್ ಓಕ್ ಮೇಲೆ ಹಬ್ಬಿರುವ ಬಳ್ಳಿಯ ಕಾಳಲ್ಲೂ ಇರುವುದು ಅದೇ. ಐದರಲ್ಲಿ ಒಬ್ಬರಿಗೆ ಇದರ ವಾಸನೆಯೇ ಹತ್ತುವುದಿಲ್ಲ ಅಂತಲೂ ಆಗ ಗೊತ್ತಾಯಿತು. ಸರಿ, ಅಗ್ಗದ ದೇಶಿ ರೆಡ್‌ಗೆ ತೋಟದ ಮೆಣಸು ಜಜ್ಜಿ ಹಾಕಿ ರಾತ್ರಿಯಿಡೀ ಇಟ್ಟು ರೋನ್ ಮಾಡಿಬಿಡೋಣ ಅಂತ ಹೊರಟೆ. ಖಾರ ಇಳಿಯಿತು, ಘಮ ಇಳಿಯಲಿಲ್ಲ. ಮೂರ್ನಾಲ್ಕು ಬಾಟಲಿ ರಸಂ ಆಯಿತು. ಲಾಭ ಒಂದೇ: ನಾವು ಮೂಸಿದ್ದರಲ್ಲಿ ಭಾವನಿಗೆ ಮೆಣಸಿನ ಸುಳಿವೇ ಸಿಗುವುದಿಲ್ಲ ಅಂತ ಪತ್ತೆಯಾಗಿ, ಪ್ಯಾನೆಲ್‌ನಿಂದ ಅವನನ್ನು ಮರ್ಯಾದೆಯಾಗಿ ಕೈಬಿಡಲು ನೆಪ ಸಿಕ್ಕಿತು.

ಹುಳಿಯ ಅಳತೆಗೆ ಮೊದಲು ಪಂದಿ ಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನೇ ನೀರಿಗೆ ಹನಿಸಿ ನೋಡಿದ್ದೆ. ಸರಿಹೋಗಲಿಲ್ಲ, ಅದರ ಹುಳಿಯ ದಾರಿಯೇ ಬೇರೆ, ಬಾಯಲ್ಲಿ ಬಿಡದೆ ಕೂರುತ್ತದೆ. ಹುಣಸೆ ಕೂತಿತು. ದ್ರಾಕ್ಷಿಯಲ್ಲೂ ಹುಣಸೆಯಲ್ಲೂ ಮುಖ್ಯವಾಗಿರುವುದು ಟಾರ್ಟಾರಿಕ್ ಆಸಿಡ್. ಸೋಸಿದ ಹುಣಸೆ ನೀರು ಮೂರು ಹದದಲ್ಲಿ, ಟ್ಯಾನಿನ್‌ಗೆ ಕಡುವಾಗಿ ಕುದಿಸಿ ಆರಿಸಿದ ಟೀ ಮೂರು ಹದದಲ್ಲಿ. ಶುರು ಮಾಡುವ ಮೊದಲು ಇವುಗಳಲ್ಲಿ ನಾಲಿಗೆಯನ್ನು ಸಾಣೆ ಹಿಡಿಯುತ್ತೇನೆ. ಹದ ಎಷ್ಟೆಷ್ಟು ಅಂತ ಕೇಳಬೇಡಿ, ಅದು ನನ್ನ ಬಂಡವಾಳ.

ಫ್ರಾನ್ಸಿನ ಇನ್ನೊಂದು ವೈನ್ ಸೀಮೆ ಬೋರ್ಡೋ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ, ನಮ್ಮಲ್ಲಿ ಫ್ರೆಂಚ್ ಅಂದ ತಕ್ಷಣ ಜನ ಕೈ ಹಾಕುವುದು ಅದಕ್ಕೇ. ಮೆಣಸಿಗೆ, ಕಾಫಿಗೆ ಹೊಡೆಯುವ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣ ಕೂಡ ಆ ದ್ರಾಕ್ಷಿ ತೋಟಗಳಿಂದಲೇ ಬಂದದ್ದು, 1885ರ ಹೊತ್ತಿಗೆ ಮಿಲಾರ್ಡೆ ಅನ್ನುವ ಫ್ರೆಂಚ್ ಸಸ್ಯಶಾಸ್ತ್ರಜ್ಞರು ಅದನ್ನು ಪ್ರಚಾರಕ್ಕೆ ತಂದರು. ನನ್ನ ಕೈಗೆ ಬಂದ ಅಗ್ಗದ ಬೋರ್ಡೋಗಳು ಹೆಚ್ಚಿನವು ಮರ್ಲೋ ದ್ರಾಕ್ಷಿ ಮುಂದೆ, ಕ್ಯಾಬರ್ನೆ ದ್ರಾಕ್ಷಿ ಹಿಂದೆ. ಎರಡು ಸಾವಿರದ ಮಟ್ಟದಲ್ಲಿ ಇವು ಸಪ್ಪೆ ಅಥವಾ ಒಗರು, ನಡುವೆ ಏನೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬಾಟಲಿ ಹಿಡಿದುಕೊಂಡೇ ಬರಲಿ. ಲೇಬಲ್ ಮೇಲಿನ “ಗ್ರಾಂ ವ್ಯಾಂ” (ಮಹಾ ವೈನ್), “ವಿಯೆಯ್ ವಿನ್ಯ್” (ಹಳೇ ಬಳ್ಳಿ) ಅನ್ನುವ ಬಂಗಾರದ ಅಕ್ಷರಗಳಿಗೆ ನಾನು ದುಡ್ಡು ಕೊಡುವುದಿಲ್ಲ. ಬಳ್ಳಿಗೆ ಎಷ್ಟು ವಯಸ್ಸಾದರೆ ಹಳೆಯದು ಅಂತ ಅಲ್ಲಿನ ಕಾನೂನೂ ಹೇಳುವುದಿಲ್ಲ.

ತಿರುಪು ಮುಚ್ಚಳದ ಕೆಲವು ಬಾಟಲಿ ತೆರೆದ ಕೂಡಲೇ ಕೊಳೆತ ಮೊಟ್ಟೆ ನಾರುತ್ತವೆ. ಚೆಲ್ಲಬೇಡಿ. ಎರಡು ಗ್ಲಾಸಿಗೆ ಹೊಯ್ದು, ಒಂದರಲ್ಲಿ ಚೆನ್ನಾಗಿ ಉಜ್ಜಿ ತೊಳೆದ ತಾಮ್ರದ ಉದ್ಧರಣೆ ಅದ್ದಿ ಅರ್ಧ ನಿಮಿಷ ತಿರುಗಿಸಿ. ಅದರಲ್ಲಿ ನಾತ ಹೋಗಿ ಇನ್ನೊಂದರಲ್ಲಿ ಉಳಿದರೆ ಅದು ಗಂಧಕದ ಕಾಟ, ವೈನ್ ಕೆಟ್ಟಿಲ್ಲ.

ನನ್ನನ್ನು ನಂಬದವರು ನಂಬಿದ್ದು ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಸಮಯದಲ್ಲಿ, ಪಲ್ಪರ್ ಶುರುವಾಗುವ ಮೊದಲು. ಕೋರ್ಸ್ ಮಾಡಿದ ಗೆಳೆಯ ಇನ್ನಿಬ್ಬರನ್ನು ಕರೆದುಕೊಂಡು ಬಂದ, ಬಾಟಲಿಗಳಿಗೆ ಪೇಪರ್ ಸುತ್ತಿ ತಾನೇ ಹೊಯ್ದ. ಒಂದು ಗ್ಲಾಸ್ ಹತ್ತಿರ ಮೂಗು ಇಟ್ಟ ಕೂಡಲೇ ನನಗೆ ಕಾಫಿ ನೆನಪಾಯಿತು, ಅದೂ ತಿರಸ್ಕರಿಸಿದ ಕಾಫಿ. ಲ್ಯಾಬಿನಲ್ಲಿ ರಿಯೋ ಅಂತ ಬರೆದು ಪಕ್ಕಕ್ಕಿಡುತ್ತಾರಲ್ಲ, ಆ ಔಷಧಿ ವಾಸನೆ, ಒದ್ದೆ ರಟ್ಟಿನ ವಾಸನೆ. ಅವರು ಮೂವರೂ ಅದನ್ನು “ಮಣ್ಣಿನ ಗುಣ, ಹಳೇ ಯುರೋಪ್ ಶೈಲಿ” ಅಂತ ಹೊಗಳುತ್ತಿದ್ದರು. ನಾನು ಕಾರ್ಕ್ ಹಿಡಿದಿದೆ ಅಂದೆ. ರಿಯೋ ಕಾಫಿಯಲ್ಲಿ ಮೂಗಿಗೆ ಹೊಡೆಯುವ ಟಿಸಿಎ, ಅಂದರೆ ಟ್ರೈಕ್ಲೋರೊಅನಿಸೋಲ್, ಕಾರ್ಕ್ ಹಿಡಿದ ವೈನ್‌ನಲ್ಲಿ ಕಾಡುವುದೂ ಅದೇ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ವಾದ ಬೆಳೆಯಿತು. ಅದೃಷ್ಟಕ್ಕೆ ಅದೇ ವೈನಿನ ಇನ್ನೊಂದು ಬಾಟಲಿ ಡಿಕ್ಕಿಯಲ್ಲಿತ್ತು. ತೆರೆದು ಪಕ್ಕದಲ್ಲಿಟ್ಟ ಮೇಲೆ ಯಾರೂ ಮಾತಾಡಲಿಲ್ಲ. ಅದೇ ಸಾಲಿನಲ್ಲಿ ನನಗೆ ಗೊತ್ತಾಗದಂತೆ ಎರಡು ಸಲ ಇಟ್ಟಿದ್ದ ರೋನ್‌ಗೆ ನನ್ನ ಅಂಕ 84 ಮತ್ತು 85. ಅವರ ಬ್ಯಾಗಿನಲ್ಲಿದ್ದ ನಾಲ್ಕು ಸಾವಿರದ ಬೋರ್ಡೋಗೆ 79. ಕಾರ್ಕ್ ಹಿಡಿದ ಬಾಟಲಿಯನ್ನು ಬೆಂಗಳೂರಿನ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, “ಹಾಗೇ ಇರುತ್ತೆ ಸಾರ್ ಫ್ರೆಂಚು” ಅಂದರಂತೆ.

ಕೊನೆಯದು ಮೂರು ದಿನದ ಪರೀಕ್ಷೆ. ತೆರೆದ ದಿನವೇ ಒಂದು ಕ್ವಾರ್ಟರ್ ಬಾಟಲಿಯನ್ನು ಕತ್ತಿನವರೆಗೆ ತುಂಬಿ ಮುಚ್ಚಿ ಫ್ರಿಜ್‌ಗೆ, ಉಳಿದದ್ದು ಅರ್ಧ ಖಾಲಿ ಬಾಟಲಿಯಲ್ಲೇ ಹೊರಗೆ. ಗಾಳಿ ಎಳೆಯುವ ಪಂಪು ಅಂತ ಸಾವಿರದ ಮೇಲೆ ಸುರಿದದ್ದು ದಂಡ, ಕ್ವಾರ್ಟರ್ ಬಾಟಲಿಯ ಮುಂದೆ ಅದು ನಿಲ್ಲಲಿಲ್ಲ. ಮೂರನೇ ದಿನ ಹೊರಗಿನದು ವಿನೆಗರ್ ಕಡೆ ವಾಲದೆ ಹಣ್ಣು ಇನ್ನೂ ಹಿಡಿದುಕೊಂಡಿದ್ದರೆ ಹತ್ತಕ್ಕೆ ಹತ್ತು. ಆ ಗ್ಲಾಸನ್ನು ಪಂದಿ ಕರಿ, ಕಡಂಬುಟ್ಟು (ಅಕ್ಕಿ ಕಡುಬು) ಜೊತೆ ಕುಡಿದು ನೋಡಿಯೇ ಕೇಸ್‌ಗೆ ಆರ್ಡರ್. ಕಾಚಂಪುಳಿಯ ಮುಂದೆ ಹುಳಿ ಕಡಿಮೆ ಇರುವ ವೈನ್ ನೀರಾಗುತ್ತದೆ. ಒಗರು ಜಾಸ್ತಿಯಿದ್ದರೆ ಕೊಬ್ಬು ಅದನ್ನು ಮೆತ್ತಗೆ ಮಾಡುತ್ತದೆ ನಿಜ, ಆದರೆ ಮೆಣಸಿನ ಖಾರ ಮತ್ತೆ ಕೆರಳಿಸುತ್ತದೆ. ಗ್ರೆನಾಶ್ ಜಾಸ್ತಿ ಇರುವ ಬ್ಲೆಂಡ್ ಇಲ್ಲಿ ಗೆದ್ದಷ್ಟು ಬೇರೆ ಯಾವುದೂ ಗೆದ್ದಿಲ್ಲ. ಕರಿ ಬಡಿಸುವ ಮೊದಲು ವೈನಿಗೆ ನಾನು ಮಾಡುವ ಒಂದು ಸಣ್ಣ ಕೆಲಸ ಇದೆ, ಅದನ್ನು ಹೋಮ್‌ಸ್ಟೇಗೆ ಬಂದವರು ನೋಡಿಯೇ ಕಲಿಯಬೇಕು.

ಕೊಳ್ಳುವವರಿಗೆ ಒಂದು ಮಾತು. ಈ ದರ್ಜೆಯ ಬ್ಲೆಂಡ್ ಎಳೆಯದರಲ್ಲೇ ಕುಡಿಯುವಂಥದ್ದು, ಇಟ್ಟು ಹಣ್ಣಾಗಿಸುವಂಥದ್ದಲ್ಲ. ಹಿಂಬದಿಯಲ್ಲಿ ಆಮದುದಾರರು ಅಂಟಿಸಿದ ಚೀಟಿಯಲ್ಲಿ ತಿಂಗಳು, ವರ್ಷ ಇದ್ದರೆ ಮೊದಲು ಅದನ್ನು ಓದಿ. ವಿಂಟೇಜ್‌ನಿಂದ (ದ್ರಾಕ್ಷಿ ಕೊಯ್ದ ವರ್ಷದಿಂದ) ನಾಲ್ಕು ವರ್ಷ ದಾಟಿ, ಟ್ಯೂಬ್‌ಲೈಟ್ ಕೆಳಗೆ ನಿಂತೇ ಇದ್ದ ಕಾರ್ಕ್ ಬಾಟಲಿ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೂ ನಾನು ಮುಟ್ಟುವುದಿಲ್ಲ. ತಿರುಪು ಮುಚ್ಚಳದ್ದಾದರೆ ಐನೂರು ಚೌಕಾಸಿ ಮಾಡಿ ಒಂದೇ ಒಂದು ತರುತ್ತೇನೆ, ಉದ್ಧರಣೆ ಹೇಗೂ ಮನೆಯಲ್ಲಿದೆ.